ನೇಗಿಲು ಬಿಟ್ಟ ಹೊಲದಲ್ಲಿ ಬಸವನಹುಳು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು ಬಸವನಹುಳುವಿನ ಮೇಲೆ ಮಾತನಾಡಹೊರಟರೆ ಕೇಳುವವರಿಗೆ ನಗು ಬರುವುದು ಸಹಜ. ನನ್ನ ಮನೆಯಲ್ಲಿಯೂ ಮೊದಲು ನಗುವೇ ಬಂದಿತು. ತುಮಕೂರಿನ ಮನೆಯ ಬಚ್ಚಲಿನಲ್ಲಿ ಮಳೆಗಾಲದ ರಾತ್ರಿ ಒಂದೋ ಎರಡೋ ಕಾಣಿಸಿಕೊಂಡು, ಬೆಳಗಾಗುವಷ್ಟರಲ್ಲಿ ಬೆಳ್ಳಿಯ ಗೆರೆಯೊಂದನ್ನು ಬಿಟ್ಟು ಮಾಯವಾಗುವ ಈ ಜೀವಿಯ ವಿಷಯದಲ್ಲಿ ಪೇಟೆಯವರಾದ ನಮಗೆ ಇರುವುದು ಅಸಹ್ಯ ಮಾತ್ರ, ಭಯವಲ್ಲ. ಭಯವೇನೆಂಬುದು ನನಗೆ ತಿಳಿದದ್ದು ಗುಬ್ಬಿಯ ಕಡೆಯ ಹಳ್ಳಿಯಲ್ಲಿ ನನ್ನ ತಮ್ಮ ಮಾಡುತ್ತಿರುವ ಪಿತ್ರಾರ್ಜಿತ ಹೊಲದ ಬದುವಿನ ಮೇಲೆ, ಒಂದು ರಾತ್ರಿ ಹತ್ತು ಗಂಟೆಯ ವೇಳೆಗೆ, ಕೈಯಲ್ಲಿ ಬ್ಯಾಟರಿ ಹಿಡಿದು ನಿಂತಿದ್ದಾಗ.

ಹೆಸರಿನಿಂದ ಆರಂಭಿಸುವುದು ನನ್ನ ಕಸುಬಿನ ಚಾಳಿ, ಮನ್ನಿಸಬೇಕು. ಬಸವ ಎಂಬುದು ಸಂಸ್ಕೃತದ ವೃಷಭ ಶಬ್ದದ ತದ್ಭವ. ತಲೆಯ ಮೇಲೆ ಕೊಂಬಿನಂತೆ ಎದ್ದ ಮೀಸೆಗಳನ್ನೂ ಬೆನ್ನ ಮೇಲೆ ಹಿಣಿಲಿನಂತೆ ಕುಳಿತ ಚಿಪ್ಪನ್ನೂ ಕಂಡು ನಮ್ಮ ಹಿರಿಯರು ಈ ಹುಳುವಿಗೆ ಬಸವನ ಹೆಸರಿಟ್ಟಿರಬೇಕು. ನಿಧಾನವಾಗಿ, ಗಾಂಭೀರ್ಯದಿಂದ, ಯಾರ ಹಂಗೂ ಇಲ್ಲದೆ ನಡೆಯುವ ಅದರ ನಡಿಗೆಗೂ ಆ ಹೆಸರು ಒಪ್ಪುತ್ತದೆ. ಆದರೆ ಅದೇ ಕುಲದ ಇನ್ನೊಂದು ಶಾಖೆಗೆ ಚಿಪ್ಪಿಲ್ಲ. ಹಿಣಿಲನ್ನು ಕಳೆದುಕೊಂಡ ಈ ಬಡ ಬಸವನಿಗೆ ನಮ್ಮ ಕಡೆಯ ಜನ ಆ ಗೌರವವನ್ನು ಕೊಡದೆ ಸಿಂಬಳದ ಹುಳು ಎಂದುಬಿಟ್ಟಿದ್ದಾರೆ. ಎರಡೂ ವಾಸ್ತವವಾಗಿ ಹುಳುಗಳಲ್ಲ; ಸಮುದ್ರದ ಶಂಖ, ಕವಡೆಗಳ ಬಳಗಕ್ಕೆ ಸೇರಿದ ಮೃದ್ವಂಗಿಗಳು. ಈ ಒಂದು ವ್ಯತ್ಯಾಸವನ್ನು ಮರೆತದ್ದರಿಂದ ರೈತರಿಗೆ ಎಂತಹ ನಷ್ಟವಾಗಬಲ್ಲದೆಂಬುದನ್ನು ಮುಂದೆ ಹೇಳುತ್ತೇನೆ.

ನನ್ನ ತಮ್ಮನದು ಒಂದೆಕರೆ ಅಡಿಕೆ ತೋಟ. ಅದರ ಮೇಲ್ಭಾಗದಲ್ಲಿ ಎರಡೆಕರೆ ಕೆಂಪು ಮಣ್ಣಿನ ಹೊಲ. ತಂದೆಯವರ ಕಾಲದಲ್ಲಿ ಆ ಹೊಲಕ್ಕೆ ವರ್ಷಕ್ಕೆ ನಾಲ್ಕಾರು ಸಲ ನೇಗಿಲು ಹೋಗುತ್ತಿತ್ತು. ಸುಗ್ಗಿ ಮುಗಿದೊಡನೆ ಮಾಗಿ ಉಳುಮೆ, ಭರಣಿ ಮಳೆ ಬಿದ್ದರೆ ಒಂದು ಸಾಲು, ಬಿತ್ತನೆಗೆ ಮುಂಚೆ ಮತ್ತೆರಡು, ಅನಂತರ ಕುಂಟೆ, ಹಲುಬೆ. ಎತ್ತುಗಳು ಹೋಗಿ ಟ್ರ್ಯಾಕ್ಟರು ಬಂದ ಮೇಲೆ ಉಳುಮೆ ಇನ್ನೂ ಆಳವಾಯಿತು. ಆದರೆ ಮುಂಗಾರಿನ ಮೊದಲ ಬಿರುಮಳೆಗೆ ಹೊಲದ ಮೇಲ್ಮಣ್ಣು ಕೆಂಪು ನೀರಾಗಿ ಹಳ್ಳಕ್ಕೆ ಹರಿಯುವುದನ್ನು ನೋಡಿ ನೋಡಿ ತಮ್ಮನಿಗೆ ಬೇಸರ ಬಂದಿತು. ನೆಲವನ್ನು ಉಳದೆ, ಕೊಯ್ದ ಬೆಳೆಯ ಕಸಕಡ್ಡಿಯನ್ನು ಅಲ್ಲಿಯೇ ಹೊದಿಸಿ, ಆ ಹೊದಿಕೆಯ ನಡುವೆ ಬಿತ್ತುವ ಸಹಜ ಕೃಷಿಯ ಮಾತನ್ನು ಜಪಾನಿನ ಫುಕುವೋಕರಿಂದ ಮೊದಲ್ಗೊಂಡು ಹಲವರು ಹೇಳಿದ್ದಾರಷ್ಟೆ. 2019ರಲ್ಲಿ ಅವನು ಟ್ರ್ಯಾಕ್ಟರನ್ನು ಹೊಲದಿಂದ ಹೊರಗಿಟ್ಟ. ರಾಗಿಯ ಕೂಳೆ, ಅವರೆಯ ಬಳ್ಳಿ, ತೋಟದ ಅಡಿಕೆ ಸೋಗೆ, ತೆಂಗಿನ ಗರಿ ಎಲ್ಲವನ್ನೂ ನೆಲಕ್ಕೆ ಹಾಸಿದ.

ಎರಡು ವರ್ಷದಲ್ಲಿ ಆ ಮಣ್ಣಿನ ಗುಣವೇ ಬದಲಾಯಿತೆನ್ನಬೇಕು. ಕಾಲಿಟ್ಟರೆ ಹಿತವಾಗಿ ಕುಸಿಯುತ್ತಿತ್ತು. ಸೋಗೆಯನ್ನು ಎತ್ತಿದರೆ ಎರೆಹುಳುಗಳು ಕಾಣುತ್ತಿದ್ದವು. ನೀರು ಹರಿಯದೆ ಇಂಗುತ್ತಿತ್ತು. ನಾನು ಹೋದಾಗಲೆಲ್ಲ ಒಂದು ಹಿಡಿ ಮಣ್ಣನ್ನು ನನ್ನ ಅಂಗೈಗಿಟ್ಟು ಮೂಸಿ ನೋಡೆನ್ನುತ್ತಿದ್ದ. ಆದರೆ ಯಾವ ತಂಪು ಎರೆಹುಳುವಿಗೆ ಹಿತವೋ ಅದೇ ತಂಪು ಬಸವನಹುಳುವಿಗೂ ಹಿತ. 2022ರ ಮಳೆಗಾಲ ನೆನಪಿರುವವರಿಗೆ ಗೊತ್ತು. ಆ ವರ್ಷ ನಮ್ಮ ಜಿಲ್ಲೆಯಲ್ಲಿ ಮಳೆ ಬಿಡಲಿಲ್ಲ, ಕೆರೆಗಳು ಕೋಡಿ ಬಿದ್ದವು. ಆ ವರ್ಷ ತಮ್ಮ ಬಿತ್ತಿದ ಅಲಸಂದೆ ಚೆನ್ನಾಗಿ ಮೊಳೆತು, ಎರಡೆಲೆ ಬಿಟ್ಟು, ನಾಲ್ಕೈದು ರಾತ್ರಿಗಳಲ್ಲಿ ಮಾಯವಾಯಿತು. ಮೊದಲು ಅವನು ಹಕ್ಕಿಯೆಂದ, ಆಮೇಲೆ ಕಂಬಳಿಹುಳುವೆಂದ. ಹಗಲಿನಲ್ಲಿ ಹೊಲದಲ್ಲಿ ಯಾರೂ ಇಲ್ಲ. ರಾತ್ರಿ ಬ್ಯಾಟರಿ ಹಿಡಿದು ಹೋದಾಗ ನಾವಿಬ್ಬರೂ ಕಂಡದ್ದನ್ನು ವರ್ಣಿಸುವುದು ಕಷ್ಟ. ಸೋಗೆಯ ಮೇಲೆ, ಕೆಳಗೆ, ಗಿಡದ ತುದಿಯಲ್ಲಿ, ಎಲ್ಲೆಲ್ಲೂ ಮಿರುಗುವ ಮೈಗಳು. ಸದ್ದಿಲ್ಲದ ಊಟ. ಅವರೆಯ ಪಾತಿಗೂ ಮುಂದಿನ ವಾರ ಅದೇ ಗತಿಯಾಯಿತು.

ಅಲ್ಲಿದ್ದದ್ದು ಎರಡು ಜಾತಿ. ಒಂದು, ಚಿಪ್ಪಿಲ್ಲದ, ಚಪ್ಪಟೆಯಾದ, ಕಪ್ಪು ಚರ್ಮದ ಮೇಲೆ ನಡುಬೆನ್ನಿಗೆ ಮಾಸಲು ಬಿಳಿಯ ಗೆರೆಯುಳ್ಳ ಹುಳು. ನಮ್ಮ ಬಚ್ಚಲಿಗೆ ಬರುವುದೂ ಇದೇ. ಇನ್ನೊಂದು, ಗೇಣಿನ ಅರ್ಧದಷ್ಟು ಉದ್ದದ ಕಂದು ಪಟ್ಟೆಯ ಚಿಪ್ಪು ಹೊತ್ತ ಆಫ್ರಿಕಾದ ದೈತ್ಯ ಬಸವನಹುಳು. ಇದು ನಮ್ಮ ದೇಶಕ್ಕೆ ಬಂದ ಬಗೆ ಸ್ವಾರಸ್ಯಕರ. ಶಂಖಗಳ ಶಾಸ್ತ್ರದಲ್ಲಿ ಆಸಕ್ತನಾಗಿದ್ದ ವಿಲಿಯಂ ಬೆನ್ಸನ್ ಎಂಬ ಅಧಿಕಾರಿ 1847ರಲ್ಲಿ ಮಾರಿಷಸ್ ದ್ವೀಪದಿಂದ ಕೆಲವನ್ನು ಕಲ್ಕತ್ತೆಗೆ ತಂದ. ಅವು ಚೌರಿಂಗಿಯ ತೋಟವೊಂದರಲ್ಲಿ ನೆಲೆಗೊಂಡವು. ವಿದ್ವಾಂಸನೊಬ್ಬನ ಕುತೂಹಲಕ್ಕೆ ಇಷ್ಟು ದೊಡ್ಡ ದಂಡ ತೆತ್ತ ಉದಾಹರಣೆ ನನಗೆ ಬೇರೆ ತಿಳಿಯದು. ಪ್ರತಿಯೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಒಂದು ಸಲಕ್ಕೆ ನೂರು, ಇನ್ನೂರು, ಕೆಲವೊಮ್ಮೆ ಅದಕ್ಕೂ ಮಿಕ್ಕಿ ಮೊಟ್ಟೆಗಳನ್ನು ಸಡಿಲ ಮಣ್ಣಿನಲ್ಲಿ ಹುಗಿದಿಡುತ್ತದೆ. ತಾನೇ ನಡೆದು ಊರೂರು ಸೇರುವಷ್ಟು ವೇಗ ಅದಕ್ಕಿಲ್ಲ. ನಾವೇ ಹೊತ್ತು ತರುತ್ತೇವೆ. ಸಸಿಯ ಬುಡದ ಮಣ್ಣಿನಲ್ಲಿ, ಗೊಬ್ಬರದ ಗಾಡಿಯಲ್ಲಿ, ಮರಳಿನಲ್ಲಿ, ತರಕಾರಿಯ ಚೀಲದಲ್ಲಿ ಅದರ ಸವಾರಿ. ತಮ್ಮನ ಹೊಲಕ್ಕೆ ಅಡಿಕೆ ಸಸಿಗಳ ಜೊತೆಯಲ್ಲಿ ಬಂದಿರಬೇಕೆಂದು ನಮ್ಮ ಊಹೆ.

ಇಷ್ಟು ಕಾಲ ಇವು ಏಕೆ ಹೆಚ್ಚಿರಲಿಲ್ಲ? ಉತ್ತರ ನೇಗಿಲಿನಲ್ಲಿದೆ. ಮಾಗಿ ಉಳುಮೆಯೆಂಬ ಎರಡು ಪದಗಳಲ್ಲಿ ನಮ್ಮ ರೈತರು ಅಡಗಿಸಿಟ್ಟಿದ್ದ ವಿದ್ಯೆ ಸಣ್ಣದಲ್ಲ. ಮಣ್ಣು ಮಗುಚಿದಾಗ ಮುತ್ತಿನಂತಹ ಮೊಟ್ಟೆಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ. ಬೇಸಗೆಯ ನಿದ್ದೆಗೆಂದು ಬಿರುಕಿನಲ್ಲಿ ಸೇರಿಕೊಂಡ ಹುಳುಗಳು ಜಜ್ಜಿಹೋಗುತ್ತವೆ, ಇಲ್ಲವೆ ಕೊಕ್ಕರೆ ಮೈನಾಗಳ ಪಾಲಾಗುತ್ತವೆ. ಅಡಗಲು ಕಸವಿಲ್ಲ, ಮಳೆಗೆ ಮುಂಚೆ ತಿನ್ನಲು ಕಳೆಯಿಲ್ಲ. ಬಸವನಹುಳುವಿನ ದೇಹವೆಂದರೆ ಬಹುಪಾಲು ನೀರು. ಆ ನೀರನ್ನು ಕಾಯ್ದುಕೊಳ್ಳುವುದೇ ಅದರ ಜೀವಮಾನದ ದುಡಿಮೆ. ಚಿಪ್ಪಿನದು ಬಾಗಿಲಿಗೆ ಒಣಗಿದ ಪೊರೆಯೊಂದನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿರಬಲ್ಲದು. ಚಿಪ್ಪಿಲ್ಲದ್ದಕ್ಕೆ ನೆಲದ ಸಂದೇ ಚಿಪ್ಪು. ನೇಗಿಲು ಆ ಸಂದುಗಳನ್ನು ಮುರಿಯುತ್ತಿತ್ತು. ಅದು ಕಳೆ ಕೀಳುವುದಕ್ಕೆ, ಮಣ್ಣು ಸಡಿಲಿಸುವುದಕ್ಕೆ ಎಂದು ನಾವು ತಿಳಿದಿದ್ದೆವು. ಕೇಳದೆಯೇ ಅದು ಮಾಡುತ್ತಿದ್ದ ಮೂರನೆಯ ಕೆಲಸವೊಂದಿತ್ತೆಂಬುದು ನೇಗಿಲನ್ನು ಬಿಟ್ಟ ಮೇಲೆ ತಿಳಿಯಿತು.

ಈಗ ನನ್ನ ತಪ್ಪಿನ ಕಥೆಯನ್ನು ಹೇಳಬೇಕು. ತಮ್ಮನ ದುಃಖವನ್ನು ನೋಡಲಾರದೆ ನಾನು ಪೇಟೆಯ ಅಂಗಡಿಯೊಂದರಿಂದ ಮೆಟಾಲ್ಡಿಹೈಡ್ ಎಂಬ ವಿಷದ ಹರಳುಗಳನ್ನು ಕೊಂಡೊಯ್ದೆ. ಇದು ಮೊದಲು ವಿಷವಾಗಿ ಹುಟ್ಟಿದ ವಸ್ತುವಲ್ಲ. ಯೂರೋಪಿನಲ್ಲಿ ಚಿಕ್ಕ ಒಲೆಗಳಿಗೆ ಉರುವಲಾಗಿ ಮಾರುತ್ತಿದ್ದ ಬಿಲ್ಲೆ. ಅದು ಬಸವನಹುಳುಗಳನ್ನು ಕೊಲ್ಲುವುದೆಂಬುದು 1930ರ ದಶಕದಲ್ಲಿ ಬೆಳಕಿಗೆ ಬಂದಿತು. ತಿಂದ ಹುಳು ತನ್ನ ಲೋಳೆಯನ್ನೆಲ್ಲ ಕಕ್ಕಿ ಒಣಗಿ ಸಾಯುತ್ತದೆ. ನಮ್ಮಲ್ಲಿ ನೂರಕ್ಕೆ ಎರಡೂವರೆ ಪಾಲಿನ ಬಲದಲ್ಲಿ ತೌಡಿನಂತಹ ತಿನಿಸಿನೊಡನೆ ಬೆರೆಸಿ ಮಾರುತ್ತಾರೆ. ಪೊಟ್ಟಣದ ಮೇಲಿನ ಸೂಚನೆಯನ್ನು ನಾನು ಓದಲಿಲ್ಲ. ಓದುವುದೇ ವೃತ್ತಿಯಾಗಿದ್ದವನು ಓದಬೇಕಾದ ಒಂದು ಪುಟವನ್ನು ಓದದೆ, ಅರಿಶಿನ ಕುಂಕುಮ ಹಂಚುವವನಂತೆ ಕೈತುಂಬ ಎರಚಿದೆ. ಕೆಲವು ಕಡೆ ರಾಶಿಯಾಗಿಯೇ ಬಿದ್ದಿತು. ಬೆಳಗ್ಗೆ ಹುಳುಗಳು ಸತ್ತಿದ್ದವು, ನಿಜ. ಮಧ್ಯಾಹ್ನದ ಹೊತ್ತಿಗೆ ಮನೆಯ ನಾಯಿ ಕಾಲು ಸೆಡೆದುಕೊಂಡು ನಡುಗತೊಡಗಿತು. ಗುಬ್ಬಿಯಿಂದ ಪಶುವೈದ್ಯರು ಬರುವ ಮೊದಲೇ ಸತ್ತಿತು. ಈ ಹರಳಿನ ತಿನಿಸಿನ ರುಚಿಗೆ ನಾಯಿಗಳು ಮರುಳಾಗುವುದು ಲೋಕಕ್ಕೆಲ್ಲ ಗೊತ್ತಿದ್ದ ಸಂಗತಿಯೆಂದು ಆಮೇಲೆ ಓದಿ ತಿಳಿದೆ. ಒಂಬತ್ತು ವರ್ಷ ಆ ಹೊಲ ಕಾದ ನಾಯಿ. ತಮ್ಮ ನನಗೊಂದು ಮಾತೂ ಅನ್ನಲಿಲ್ಲ. ಅವನ ಹೆಂಡತಿ ಮಾತ್ರ, ಭಾವನವರು ಇನ್ನು ಮೇಲೆ ಪುಸ್ತಕ ತಂದರೆ ಸಾಕು ಎಂದರು.

ನಾಲ್ಕು ದಿನ ಕಳೆದು ಮತ್ತೆ ಮಳೆ ಹಿಡಿಯಿತು. ಉಳಿದ ಹರಳುಗಳು ಕರಗಿದವು, ಅರೆಜೀವವಾಗಿದ್ದ ಹುಳುಗಳಲ್ಲಿ ಕೆಲವು ತೇವ ಸಿಕ್ಕಿ ಚೇತರಿಸಿಕೊಂಡವು. ಬ್ರಿಟನ್ನಿನಲ್ಲಿ ಪಕ್ಷಿಗಳಿಗೂ ಇತರ ಪ್ರಾಣಿಗಳಿಗೂ ಆಗುವ ಅಪಾಯವನ್ನು ಕಂಡು 2022ರ ಮಾರ್ಚ್ ಅಂತ್ಯದಿಂದ ಈ ವಿಷವನ್ನು ಹೊಲತೋಟಗಳಲ್ಲಿ ಬಳಸುವುದನ್ನು ನಿಷೇಧಿಸಿದ್ದಾರೆ. ಅದರ ಬದಲು ಅಲ್ಲಿಯ ರೈತರು ಕಬ್ಬಿಣದ ಫಾಸ್ಫೇಟಿನ ಹರಳನ್ನು ಬಳಸುತ್ತಾರೆ. ಅದನ್ನು ತಿಂದ ಹುಳು ಊಟ ಬಿಟ್ಟು ತನ್ನ ಬಿಲ ಸೇರಿ ಅಲ್ಲಿಯೇ ಸಾಯುವುದರಿಂದ ಹೆಣಗಳು ಕಾಣುವುದಿಲ್ಲ. ಹಾಗಾಗಿ ಔಷಧ ಕೆಲಸ ಮಾಡಲಿಲ್ಲವೆಂದು ಹಲವರು ಭ್ರಮಿಸುವುದೂ ಉಂಟಂತೆ. ನಾನು ನಮ್ಮ ಅಂಗಡಿಗಳಲ್ಲಿ ವಿಚಾರಿಸಿದಾಗ ಅದು ದೊರೆಯಲಿಲ್ಲ.

ತಮ್ಮ ಕೇಳಿದ ಪ್ರಶ್ನೆ ಒಂದೇ. ಟ್ರ್ಯಾಕ್ಟರನ್ನು ಮತ್ತೆ ಕರೆಸಲೇ? ಮೂರು ವರ್ಷ ಕೂಡಿಸಿದ ಮಣ್ಣನ್ನು ಒಂದು ಬೆಳಗಿನಲ್ಲಿ ಮಗುಚಿಹಾಕಲೇ? ಇದಕ್ಕೆ ಉತ್ತರ ಹುಡುಕುವ ನೆಪದಲ್ಲಿ ನಾನು ಓದಿದ್ದರಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಒಂದು ಸಂಶೋಧನೆ. ಅಲ್ಲಿಯೂ ರೈತರು ಉಳುಮೆ ಬಿಟ್ಟಿದ್ದಾರೆ, ಅಲ್ಲಿಯೂ ಚಿಪ್ಪಿಲ್ಲದ ಬಸವನಹುಳುವೇ ದೊಡ್ಡ ಶತ್ರು. ಅಲ್ಲಿಯ ವಿಶ್ವವಿದ್ಯಾನಿಲಯದ ಜಾನ್ ಟೂಕರ್ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರ ಹೀಗಿದೆ. ಸೋಯಾ ಬೀಜಕ್ಕೆ ಬಿತ್ತುವ ಮುನ್ನ ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕ ಲೇಪಿಸುವುದು ಅಲ್ಲಿ ವಾಡಿಕೆ. ಬಸವನಹುಳು ಕೀಟವಲ್ಲವಷ್ಟೆ, ಆ ವಿಷ ಅದಕ್ಕೆ ತಗುಲಲಿಲ್ಲ. ಅದು ಸಸಿಯನ್ನು ತಿಂದು, ವಿಷವನ್ನು ಮೈಯಲ್ಲಿ ಹೊತ್ತು, ಸುಖವಾಗಿಯೇ ಓಡಾಡಿತು. ಆದರೆ ಅದನ್ನು ಹಿಡಿದು ತಿನ್ನುವ ನೆಲಜೀರುಂಡೆ ಕೀಟವೇ. ಪ್ರಯೋಗಾಲಯದಲ್ಲಿ ಅಂತಹ ಹುಳುಗಳನ್ನು ತಿಂದ ಜೀರುಂಡೆಗಳಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಸತ್ತವು ಅಥವಾ ನಿತ್ರಾಣವಾದವು. ಹೊಲದಲ್ಲಿ ಬೇಟೆಗಾರ ಕಡಿಮೆಯಾದ, ಬಸವನಹುಳು ಹೆಚ್ಚಿತು, ಇಳುವರಿ ನೂರಕ್ಕೆ ಐದರಷ್ಟು ಇಳಿಯಿತು. ಬೆಳೆ ಉಳಿಸಲು ಹಾಕಿದ ಔಷಧವೇ ಬೆಳೆಯನ್ನು ತಿನ್ನಿಸಿತು. ಹುಳು ಎಂಬ ಒಂದೇ ಮಾತಿನಲ್ಲಿ ಎಲ್ಲ ಜೀವಿಗಳನ್ನೂ ಕಟ್ಟಿಹಾಕುವುದರ ಫಲವಿದು. ನಮ್ಮ ಕಡೆಯೂ ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಬಳಿದು ಬಿತ್ತುವವರಿದ್ದಾರೆ. ಬೇರೆ ಕೀಟಕ್ಕೆ ಅದು ಬೇಕಾದೀತು, ಬಸವನಹುಳುವಿಗೆಂದು ಮಾತ್ರ ಬಳಿಯುವುದು ವ್ಯರ್ಥ.

ಆ ಪ್ರಬಂಧವನ್ನು ಓದಿದ ಮೇಲೆ ಉಳದ ಹೊಲ ಬರಿಯ ಶತ್ರುವಿನ ಮನೆಯಲ್ಲ, ಶತ್ರುವಿನ ಶತ್ರುವಿಗೂ ಅದೇ ಮನೆ ಎಂಬುದು ಹೊಳೆಯಿತು. ಉಳುಮೆ ನಿಂತಾಗ ತಿನ್ನುವವನು ಮೊದಲು ಬರುತ್ತಾನೆ, ಅವನನ್ನು ತಿನ್ನುವವನು ನಿಧಾನವಾಗಿ ಬರುತ್ತಾನೆ. ನಡುವಣ ಕೆಲವು ವರ್ಷಗಳು ರೈತನ ಪಾಲಿಗೆ ಕಠಿಣ. ನೆಲಜೀರುಂಡೆ, ಜರಿ, ಕಪ್ಪೆ, ಇವೆಲ್ಲ ಆ ದಳದವರು. ನಮ್ಮ ಕಾವ್ಯಗಳಲ್ಲಿ ಇರುಳಿನ ಅಲಂಕಾರವಾಗಿ ಬರುವ ಮಿಂಚುಹುಳುವಿನ ಮರಿ ಕೂಡ ಬಸವನಹುಳುವನ್ನು ಕಚ್ಚಿ, ಮರಗಟ್ಟಿಸಿ, ಒಳಗಿನದನ್ನು ಹೀರುವ ಬೇಟೆಗಾರನೆಂದು ತಿಳಿದಾಗ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಇನ್ನು ಕೆಂಬೂತ. ನವಿಲನ್ನು ನೋಡಿ ಪುಕ್ಕ ಕೆದರಿತೆಂದು ನಾವು ಗಾದೆಯಲ್ಲಿ ಹಂಗಿಸಿದ ಹಕ್ಕಿ ದೈತ್ಯ ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನಬಲ್ಲದು. ತಮ್ಮನ ಬೇಲಿಯ ಲಂಟಾನದಲ್ಲಿ ಒಂದು ಜೋಡಿಯಿದೆ. ಬೇಲಿ ಸವರುವಾಗ ಆ ಪೊದೆಯನ್ನು ಬಿಡುವಂತೆ ಹೇಳಿದ್ದೇನೆ. ಆದರೆ ಬೇಟೆಗಾರನನ್ನು ಬೇರೆ ದೇಶದಿಂದ ತರಿಸುವ ಆಸೆ ಬೇಡ. 1955ರಲ್ಲಿ ಹವಾಯಿ ದ್ವೀಪಗಳಿಗೆ ಹೀಗೆಯೇ ಒಂದು ನರಭಕ್ಷಕ ಬಸವನಹುಳುವನ್ನು ತಂದು ಬಿಟ್ಟರು. ನರ ಎಂಬ ಮಾತು ಇಲ್ಲಿ ಸಲ್ಲದು, ಸ್ವಜನಭಕ್ಷಕ ಎನ್ನೋಣ. ಅದು ಆಫ್ರಿಕಾದ ದೈತ್ಯನನ್ನು ಬಿಟ್ಟು ಆ ದ್ವೀಪದ ಮರಗಳಲ್ಲಿದ್ದ ಬಣ್ಣಬಣ್ಣದ ಸಾಧು ಬಸವನಹುಳುಗಳ ಜಾತಿಗಳನ್ನು ನಿರ್ನಾಮದ ಅಂಚಿಗೆ ತಂದಿತು.

2023ರಲ್ಲಿ ಬರ ಬಂದಿತು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಹೊಲದಲ್ಲಿ ಒಂದು ಹುಳುವೂ ಕಾಣದೆ ತಮ್ಮ ಪೀಡೆ ತೊಲಗಿತೆಂದುಕೊಂಡ. ಅವು ಎಲ್ಲಿಗೂ ಹೋಗಿರಲಿಲ್ಲ. ತೋಟದ ತೇವದಲ್ಲಿ, ಕಲ್ಲುಗುಡ್ಡೆಯ ಸಂದಿನಲ್ಲಿ ಮಲಗಿದ್ದವು. ಆ ಬಿಡುವಿನಲ್ಲಿ ನಾವಿಬ್ಬರೂ ಕುಳಿತು ಬೆಳೆಯ ಸರದಿಯನ್ನು ಹೊಸದಾಗಿ ಆಲೋಚಿಸಿದೆವು. ಅದಕ್ಕೆ ಆಧಾರವಾದದ್ದು ಸಸ್ಯಶಾಸ್ತ್ರದ ಸಣ್ಣದೊಂದು ಸಂಗತಿ. ರಾಗಿ ಹುಲ್ಲಿನ ಜಾತಿ. ಎಳೆಯ ರಾಗಿಯ ಬೆಳೆಯುವ ಕುಡಿ ನೆಲದ ಮಟ್ಟದಲ್ಲಿ, ಎಲೆಗಳ ಒರೆಯೊಳಗೆ ಅಡಗಿರುತ್ತದೆ. ಮೇಲಿನ ಎಲೆಯನ್ನು ಹುಳು ಸೀಳಿದರೂ ಒಂದು ವಾರದಲ್ಲಿ ಮತ್ತೆ ಚಿಗುರುತ್ತದೆ. ಅವರೆ, ಅಲಸಂದೆ, ಹೆಸರು ಹಾಗಲ್ಲ. ಅವು ತಮ್ಮ ಕುಡಿಯನ್ನು ಎರಡು ದಳಗಳ ನಡುವೆ ಎತ್ತಿ ಹಿಡಿದುಕೊಂಡೇ ಮೇಲೆ ಬರುತ್ತವೆ. ದಳಗಳ ಕೆಳಗೆ ಒಂದು ಸಲ ಕಡಿದರೆ ಮುಗಿಯಿತು, ಮತ್ತೆ ಚಿಗುರಲು ಕಣ್ಣೇ ಇಲ್ಲ. ಆದುದರಿಂದ ಹೊದಿಕೆ ದಟ್ಟವಾಗಿದ್ದು ಹುಳು ಹೆಚ್ಚಿರುವ ತೋಟದ ಅಂಚಿನ ಅರ್ಧ ಎಕರೆಗೆ ರಾಗಿ. ಒಣಗಿರುವ ಮೇಲ್ಭಾಗಕ್ಕೆ ಕಾಳುಗಳು. ಮರುವರ್ಷ ಅಂಚಿನಲ್ಲಿ ಕಾಳು ಬೆಳೆಯಲೇಬೇಕಾದರೆ ಅಲ್ಲಿ ಮಾತ್ರ ಹೊದಿಕೆಯನ್ನು ಸರಿಸುವುದು. ಅಕ್ಕಡಿ ಸಾಲಿನ ಅವರೆಯನ್ನು ರಾಗಿಯ ಜೊತೆಯಲ್ಲಿಯೇ ಹಾಕದೆ, ರಾಗಿ ಹಿಡಿದು ನಿಂತ ಮೇಲೆ, ಮಳೆ ಬಿಡುವು ಕೊಟ್ಟ ವಾರ ನೋಡಿ ಹಾಕುವುದು. ಬೀಜ ಬೇಗ ಮೊಳೆತು ಬೇಗ ಗಟ್ಟಿಯಾದಷ್ಟೂ ಒಳ್ಳೆಯದು. ಹುಳುವಿಗೆ ಬೇಕಾದದ್ದು ಎಳೆಯ ಒಂದೆರಡು ವಾರಗಳು ಮಾತ್ರ.

ನೇಗಿಲಿನ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರ ಅರ್ಧಂಬರ್ಧದ್ದು. ಕಟ್ಟುನಿಟ್ಟಿನ ಸಹಜ ಕೃಷಿಕರು ಒಪ್ಪಲಾರರು. ಮಾರ್ಚಿ ತಿಂಗಳ ಬಿಸಿಲಿನಲ್ಲಿ ಬಿತ್ತನೆಯ ಸಾಲುಗಳಲ್ಲಿ ಮಾತ್ರ ಎರಡು ಬೆರಳಿನ ಆಳಕ್ಕೆ ಒಂದು ಸಲ ಕುಂಟೆ ಹಾಯಿಸುವುದು; ಸಾಲಿನ ಮೇಲಿನ ಸೋಗೆಯನ್ನು ಎಳೆದು ಸಾಲುಗಳ ನಡುವೆ ಸೇರಿಸುವುದು; ಬಿತ್ತಿದ ಮೇಲೆ ಮಣ್ಣಿನ ಹೆಂಟೆಗಳ ಸಂದು ಮುಚ್ಚುವಂತೆ ಹಲಗೆ ಎಳೆಯುವುದು. ಇಂಗ್ಲೆಂಡಿನ ರೈತರು ಭಾರದ ಉರುಳೆ ಹೊರಳಿಸಿ ಮಾಡುವ ಕೆಲಸವೂ ಇದೇ. ಬೀಜದ ಸುತ್ತ ಸಂದಿಲ್ಲದಿದ್ದರೆ ಹುಳು ಒಳಗೆ ಇಳಿಯಲಾರದು. ಮಿಕ್ಕ ನೆಲ ಮಿಕ್ಕಂತೆಯೇ ಇರುತ್ತದೆ, ಮಣ್ಣು ಹಳ್ಳಕ್ಕೆ ಹೋಗುವುದಿಲ್ಲ.

ಕುಣಿಗಲಿನ ಕಡೆಯ ನನ್ನ ಹಳೆಯ ಶಿಷ್ಯರೊಬ್ಬರಿಗೆ ಇಷ್ಟು ಸ್ವಾತಂತ್ರ್ಯವೂ ಇಲ್ಲ. ಅವರದು ಹಿಪ್ಪುನೇರಳೆ ತೋಟ, ಮನೆಯಲ್ಲಿ ರೇಷ್ಮೆ ಸಾಕಣೆ. ಸೊಪ್ಪಿಗೆ ಒಂದು ಹನಿ ವಿಷ ತಗುಲಿದರೂ ರೇಷ್ಮೆಹುಳು ಉಳಿಯುವುದಿಲ್ಲ. ಅವರಿಗಿರುವುದು ಕೈಯೊಂದೇ. ಸಂಜೆ ನೀರಿನಲ್ಲಿ ಅದ್ದಿದ ಗೋಣಿತಾಟುಗಳನ್ನು ಸಾಲಿನಲ್ಲಿ ಹಾಸಿ, ಅದರ ಕೆಳಗೆ ಎಲೆಕೋಸಿನ ಹಳೆಯ ಎಲೆಯನ್ನೋ ಪರಂಗಿಯ ತುಂಡನ್ನೋ ಇಟ್ಟು, ಬೆಳಗ್ಗೆ ಬಿಸಿಲೇರುವ ಮೊದಲು ತಾಟನ್ನು ಮಗುಚಿ ಆರಿಸುತ್ತಾರೆ. ಪಕ್ಕದ ನಾಲ್ಕು ತೋಟದವರೂ ಅದೇ ವಾರದಲ್ಲಿ ಆರಿಸಿದಾಗ ಮಾತ್ರ ಪ್ರಯೋಜನ ಕಂಡಿತೆಂದು ಅವರು ಹೇಳಿದರು. ಒಬ್ಬರೇ ಆರಿಸಿದ ವರ್ಷ ಬೇಲಿಯಾಚೆಯಿಂದ ಮತ್ತೆ ಬಂದವಂತೆ.

ತಮ್ಮನೂ ಆ ಪದ್ಧತಿಯನ್ನು ಹಿಡಿದಿದ್ದಾನೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬರಿಗೈಯಿಂದ ಮುಟ್ಟಬಾರದು. ಈ ಬಸವನಹುಳುಗಳ ಮೈಯಲ್ಲಿ ಇಲಿಯ ಶ್ವಾಸಕೋಶದ ಒಂದು ಜಂತುವಿನ ಮರಿಗಳು ಇರಬಹುದು. ಅವು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಯ ಉರಿಯೂತಕ್ಕೆ ಕಾರಣವಾಗುತ್ತವೆ. ಕೈಚೀಲ ತೊಟ್ಟು ಆರಿಸಿ, ಸೋಪು ಹಾಕಿ ಕೈ ತೊಳೆಯಬೇಕು. ಅಂತಹ ಹೊಲದ ಸೊಪ್ಪು ತರಕಾರಿಯನ್ನು ಹಸಿಯಾಗಿ ತಿನ್ನಬಾರದು. ಮಕ್ಕಳು ಚಿಪ್ಪನ್ನು ಆಟಕ್ಕೆ ತೆಗೆದುಕೊಳ್ಳದಂತೆ ನೋಡಬೇಕು. ಆರಿಸಿದ್ದನ್ನು ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಸತ್ತ ಮೇಲೆ ಗುಂಡಿಯಲ್ಲಿ ಸುಣ್ಣ ಚೆಲ್ಲಿ ಹೂಳುವುದು. ಉಪ್ಪನ್ನು ಹೊಲಕ್ಕೇ ಚೆಲ್ಲುವವರನ್ನು ನೋಡಿದ್ದೇನೆ. ಹುಳುವಿಗಿಂತ ಮೊದಲು ಮಣ್ಣು ಕೆಡುತ್ತದೆ. ಬೂದಿಯ ಗೆರೆ ಒಣಗಿರುವವರೆಗೆ ತಡೆಯುತ್ತದೆ, ಒಂದು ತುಂತುರಿಗೆ ಮುಗಿಯುತ್ತದೆ. ಬಾತುಗಳನ್ನು ಬಿಟ್ಟು ನೋಡಿದೆವು. ಮರಿಹುಳುಗಳನ್ನು ಚೆನ್ನಾಗಿಯೇ ತಿಂದವು, ಅನಂತರ ಅಲಸಂದೆಯ ಮೊಳಕೆಯನ್ನೂ ತಿಂದವು.

2024ರ ಮಳೆಯೊಡನೆ ಹುಳುಗಳು ಮರಳಿದವು. ಅಂಚಿನ ರಾಗಿಯನ್ನು ಹರಿದು ಹಾಕಿದವು. ರಾಗಿ ಮತ್ತೆ ಚಿಗುರಿತು. ಮೇಲಿನ ಕಾಳಿನಲ್ಲಿ ಕಾಲು ಭಾಗ ಹೋಯಿತು, ಮುಕ್ಕಾಲು ಉಳಿಯಿತು. 2025ರ ಜೂನಿನಲ್ಲಿ ನಾನು ಹೋದಾಗ ತಮ್ಮ ಗೋಣಿತಾಟಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದ. ಮೊದಲ ರಾತ್ರಿ ಹತ್ತು ತಾಟಿಗೆ 46, ಮೂರನೆಯ ರಾತ್ರಿ 31, ಒಂದು ವಾರದ ಮೇಲೆ 12. ಬೆಳಗ್ಗೆ ಒಂದು ತಾಟನ್ನು ಎತ್ತಿ ತೋರಿಸಿದ. ಕೆಳಗೆ ಎರಡು ಸಿಂಬಳದ ಹುಳು. ಅವುಗಳಲ್ಲಿ ಒಂದನ್ನು ಕಪ್ಪು ಮಿರುಗಿನ ಜೀರುಂಡೆಯೊಂದು ಕಚ್ಚಿ ಎಳೆಯುತ್ತಿತ್ತು. ಇನ್ನೊಂದನ್ನು ಆರಿಸಿ, ಜೀರುಂಡೆಯನ್ನು ಅದರ ಊಟಕ್ಕೆ ಬಿಟ್ಟು, ತಾಟನ್ನು ಮೆಲ್ಲಗೆ ಮತ್ತೆ ಮುಚ್ಚಿದ. ಅವರೆ ಬೀಜವನ್ನು ಯಾವಾಗ ಹಾಕುವೆಯೆಂದು ಕೇಳಿದೆ. ಪುನರ್ವಸು ಕಳೆಯಲಿ, ತಾಟಿಗೆ ಒಂದಕ್ಕಿಂತ ಕಡಿಮೆಯಾಗಲಿ, ಆಮೇಲೆ ನೋಡೋಣ ಎಂದ.